ಗಣಿತದಿಂದ ವಿಶ್ವಕೋಶಕ್ಕೆ: ಜಿ. ಟಿ. ನಾರಾಯಣರಾಯರು

ಹಳ್ಳಿಖೇಡ (ಬಿ)ಯಂತಹ ಊರುಗಳ ವಿದ್ಯಾರ್ಥಿಗಳು ಪ್ರೌಢಶಾಲೆಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿ, ಕಾಲೇಜಿನ ಹೊಸ್ತಿಲಲ್ಲಿ ಇಂಗ್ಲಿಷ್ ಪಠ್ಯವನ್ನು ಕಂಡು ಎದೆಗುಂದುವುದು ಹೊಸತಲ್ಲ. ಬಲ್ಲ ವಿಷಯವೇ ಭಾಷೆ ಬದಲಾದೊಡನೆ ಅಪರಿಚಿತವಾಗಿಬಿಡುತ್ತದೆ. ಮೇಲ್ಮಟ್ಟದ ವಿಜ್ಞಾನವನ್ನೂ ಕನ್ನಡದಲ್ಲಿ ಹೇಳಬಹುದೆಂದು ಬರೆದು ತೋರಿಸಿದ ಲೇಖಕರೊಬ್ಬರ ಜೀವನವನ್ನು ಇಲ್ಲಿ ನೋಡೋಣ.

ಜಿ. ಟಿ. ನಾರಾಯಣರಾಯರು 1926ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಮದರಾಸಿನಲ್ಲಿ ಗಣಿತದ ಎಂ. ಎ. ಮುಗಿಸಿ ಮಂಗಳೂರು, ಮಡಿಕೇರಿ, ಬಳ್ಳಾರಿ, ಬೆಂಗಳೂರುಗಳಲ್ಲಿ ಅಧ್ಯಾಪಕರಾದರು. ಎನ್. ಸಿ. ಸಿ. ಅಧಿಕಾರಿಯೂ ಆಗಿದ್ದ ಅವರು ಆ ದಿನಗಳ ಅನುಭವವನ್ನೂ ಪುಸ್ತಕವಾಗಿಸಿದರು. ಕರ್ನಾಟಕ ಸಂಗೀತದ ವಿಮರ್ಶಕರೆಂದೂ ಹೆಸರಾಗಿದ್ದರು.

1969ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗಕ್ಕೆ ಸಂಪಾದಕರಾಗಿ ಬಂದು, 1986ರಲ್ಲಿ ನಿವೃತ್ತರಾದರು. ಅವರ ವೃತ್ತಿಗಳಲ್ಲಿ ಇದೇ ಅತ್ಯಂತ ಕಠಿಣವಾದುದೆಂದು ನಮ್ಮ ಭಾವನೆ. ತರಗತಿಯಲ್ಲಿ ವಿದ್ಯಾರ್ಥಿಯ ಮುಖ ನೋಡಿ ವಿವರಣೆಯನ್ನು ಬದಲಿಸಬಹುದು. ವಿಶ್ವಕೋಶದ ಓದುಗನೋ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಪ್ರತಿಯೊಂದು ಪದವೂ ತಾನೇ ನಿಲ್ಲಬೇಕು.

ಅವರ ಎರಡು ಪುಸ್ತಕಗಳ ಹೆಸರುಗಳನ್ನು ಗಮನಿಸಿರಿ. ಒಂದು ‘ಸೂಪರ್ನೋವಾ’; ಪರಭಾಷೆಯ ಪದ ಹಾಗೆಯೇ ಉಳಿದಿದೆ. ಇನ್ನೊಂದು ‘ಕೃಷ್ಣವಿವರಗಳು’. ಇದನ್ನು ಶ್ರೀಕೃಷ್ಣನ ಚರಿತ್ರೆಯೆಂದು ಯಾರಾದರೂ ಭ್ರಮಿಸಿದರೆ ಅಚ್ಚರಿಯಿಲ್ಲ! ಸಂಸ್ಕೃತದಲ್ಲಿ ಕೃಷ್ಣವೆಂದರೆ ಕಪ್ಪು, ವಿವರವೆಂದರೆ ಬಿಲ. ಸೂರ್ಯನಷ್ಟು ದ್ರವ್ಯರಾಶಿಯನ್ನು ಸುಮಾರು 3 ಕಿಲೋಮೀಟರ್ ತ್ರಿಜ್ಯದ ಗೋಳದೊಳಗೆ ಅಡಕಿದರೆ ಅಲ್ಲಿಂದ ಬೆಳಕೂ ಹೊರಬರಲಾರದು. ಅಂತಹ ಕಾಯವೇ ಕೃಷ್ಣವಿವರ. ‘ಕಪ್ಪುಕುಳಿ’ ಎಂದಿದ್ದರೆ ವಿದ್ಯಾರ್ಥಿಗೆ ಸುಲಭವಾಗುತ್ತಿತ್ತೆಂದು ನಮಗೆ ತೋರುತ್ತದೆ. ಆದರೆ ಪದವನ್ನು ಬಿಡಿಸಿ ನೋಡಿದವನು ಅದರ ಅರ್ಥವನ್ನು ಮರೆಯಲಾರನೆಂಬುದೂ ದಿಟ.

‘ಮುಗಿಯದ ಪಯಣ’ ಎಂಬ ಆತ್ಮಕಥೆಯನ್ನು ಬರೆದ ರಾಯರು 2008ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಆಕಾಶವನ್ನು ಬರಿಗಣ್ಣಿನಿಂದ ಗುರುತಿಸುವುದಕ್ಕಾಗಿ ಅವರು ‘ನಕ್ಷತ್ರವೀಕ್ಷಣೆ’ಯನ್ನೂ ಬರೆದಿದ್ದಾರೆ. ಅಂತಹ ವೀಕ್ಷಣೆಯನ್ನು ಧ್ರುವನಕ್ಷತ್ರದಿಂದಲೇ ಆರಂಭಿಸಬಹುದು. ದಿಗಂತದಿಂದ ಅದರ ಎತ್ತರವು ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ರಾಯರು ಹುಟ್ಟಿದ ಮಡಿಕೇರಿಯಲ್ಲಿ ಅದು ಸುಮಾರು 12 ಡಿಗ್ರಿ. ಅಲ್ಲಿ ಮಳೆಗಾಲದ ಮೋಡಗಳು ನಕ್ಷತ್ರಗಳನ್ನು ಮರೆಮಾಡುವುದೂ ಉಂಟು. ಹಳ್ಳಿಖೇಡದಲ್ಲಿ ಸುಮಾರು 18 ಡಿಗ್ರಿ. ನೀಳವಾಗಿ ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಬೇಸಿಗೆಯ ನಿರಭ್ರ ರಾತ್ರಿಯಲ್ಲಿ ಹೊಲದ ಬದುವಿನ ಮೇಲೆ ಉತ್ತರಕ್ಕೆ ಮುಖಮಾಡಿ ನಿಂತು, ದಿಗಂತದ ಮೇಲೆ ಮುಷ್ಟಿಯ ಮೇಲೊಂದು ಮುಷ್ಟಿಯನ್ನಿರಿಸಿದರೆ, ಎರಡನೆಯದರ ಮೇಲಂಚಿನ ಬಳಿ ಧ್ರುವನಿದ್ದಾನೆ.