ಹುಳುಕಡ್ಡಿಯೂ ಅದರ ಮದ್ದೂ

ಮುಂಬಯಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಚರ್ಮದ ಪಾದರಕ್ಷೆಗೆ ಬೂಷ್ಟು ಹಿಡಿಯುವುದನ್ನು ನೀವೆಲ್ಲರೂ ಕಂಡಿದ್ದೀರಿ. ಈ ಬೂಷ್ಟು ಶಿಲೀಂಧ್ರವೆಂಬ ಜೀವವರ್ಗಕ್ಕೆ ಸೇರಿದುದು. ಇದೇ ವರ್ಗದ ಬೇರೆ ಕೆಲವು ಜೀವಿಗಳು ನಮ್ಮ ಚರ್ಮದಲ್ಲಿ ನೆಲೆಸಿ, ಉಂಗುರದಾಕಾರದ ತುರಿಕಲೆಗಳನ್ನು ಉಂಟುಮಾಡುತ್ತವೆ. ಇದನ್ನೇ ಹುಳುಕಡ್ಡಿ ಅಥವಾ ಗಜಕರ್ಣವೆನ್ನುವರು. ಹೆಸರಿನಲ್ಲಿ ಹುಳುವಿದ್ದರೂ ಈ ರೋಗಕ್ಕೆ ಯಾವ ಹುಳುವೂ ಕಾರಣವಲ್ಲ.

ಶಿಲೀಂಧ್ರವನ್ನು ಕೊಲ್ಲುವುದು ಏಕೆ ಕಠಿಣ? ಬ್ಯಾಕ್ಟೀರಿಯಗಳ ಜೀವಕೋಶ ನಮ್ಮದಕ್ಕಿಂತ ಬಹಳ ಭಿನ್ನ. ಪೆನಿಸಿಲಿನ್ ಅವುಗಳ ಕೋಶಭಿತ್ತಿಯನ್ನು ಕೆಡಿಸುತ್ತದೆ. ನಮ್ಮ ಕೋಶಗಳಿಗೆ ಭಿತ್ತಿಯೇ ಇಲ್ಲವಾದುದರಿಂದ ಅವು ಆ ಪೆಟ್ಟಿಗೆ ಸಿಲುಕುವುದಿಲ್ಲ. ಶಿಲೀಂಧ್ರವಾದರೋ ನಮ್ಮಂತೆಯೇ ಕೋಶಕೇಂದ್ರವುಳ್ಳ ಜೀವಿ. ಅದಕ್ಕೆ ವಿಷವಾದುದು ನಮಗೂ ವಿಷವಾಗುವ ಸಂಭವ ಹೆಚ್ಚು. ಆದುದರಿಂದ ನಮ್ಮಲ್ಲಿಲ್ಲದೆ ಅದರಲ್ಲಿ ಮಾತ್ರ ಇರುವ ಗುರಿಯೊಂದನ್ನು ಹುಡುಕಬೇಕಾಯಿತು.

ಅಂಥ ಗುರಿಗಳಲ್ಲಿ ಮುಖ್ಯವಾದುದು ಎರ್ಗೊಸ್ಟೆರಾಲ್. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟೆರಾಲ್ ಮಾಡುವ ಕೆಲಸವನ್ನು ಶಿಲೀಂಧ್ರದ ಪೊರೆಯಲ್ಲಿ ಇದು ಮಾಡುತ್ತದೆ. 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ನಿಸ್ಟಾಟಿನ್ ಎಂಬ ಮದ್ದನ್ನು ಪಡೆದರು. 1961ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ, ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ, ಕರ್ನಾಟಕದಲ್ಲಿ ಜನಿಸಿದ ಎಂ. ಜೆ. ತಿರುಮಲಾಚಾರ್ ಅವರೂ ಸಹೋದ್ಯೋಗಿಗಳೂ ಹ್ಯಾಮೈಸಿನ್ ಎಂಬುದನ್ನು ಕಂಡುಹಿಡಿದರು. ಅದನ್ನು ನೀಡಿದ ಜೀವಿಗೆ ಊರಿನ ನೆನಪಿಗಾಗಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಹೆಸರು ಬಂದಿತು. ಈ ಮದ್ದುಗಳು ಎರ್ಗೊಸ್ಟೆರಾಲಿಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತವೆ. ಒಳಗಿನ ಲವಣಗಳು ಸೋರಿ ಕೋಶವು ಸಾಯುತ್ತದೆ. ಮುಂದೆ ಬಂದ ಫ್ಲುಕೊನಜೋಲ್, ಟರ್ಬಿನಾಫಿನ್ ಮೊದಲಾದವು ಎರ್ಗೊಸ್ಟೆರಾಲನ್ನು ತಯಾರಿಸುವ ಕಿಣ್ವಗಳನ್ನೇ ತಡೆಯುತ್ತವೆ.

ಕಿಣ್ವವನ್ನು ಬೀಗವೆಂದು ಭಾವಿಸಿರಿ. ಬೀಗದ ರಂಧ್ರಕ್ಕೆ ಕಡ್ಡಿ ತುರುಕಿದರೆ ಕೀಲಿಕೈ ಒಳಗೆ ಹೋಗದು. ಟರ್ಬಿನಾಫಿನ್ ಮಾಡುವುದು ಇಂಥ ಕೆಲಸವನ್ನೇ. ಆದರೆ ರಂಧ್ರದ ಆಕಾರವೇ ಸ್ವಲ್ಪ ಬದಲಾದರೆ ಕಡ್ಡಿ ನಿಲ್ಲುವುದಿಲ್ಲ. ಕಿಣ್ವದ 397ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಮದ್ದಿನ ಬಲ ಕುಗ್ಗುತ್ತದೆ. ಮದ್ದು ಉಳಿದವುಗಳನ್ನು ಕೊಂದಾಗ ಇಂಥ ಬದಲಾದವು ಬದುಕಿ ವೃದ್ಧಿಯಾಗುತ್ತವೆ. ಹೀಗೆ ಮದ್ದಿಗೆ ಮಣಿಯದ ತಳಿಗಳು ಹೆಚ್ಚಾಗಿ ಕಂಡುಬಂದ ಒಂದು ಹುಳುಕಡ್ಡಿ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ನಮ್ಮ ದೇಶದ ಹೆಸರೂ ಅಡಗಿರುವುದು ಹೆಮ್ಮೆಯ ವಿಷಯವಲ್ಲ, ಎಚ್ಚರಿಕೆಯ ವಿಷಯ.

ವೈದ್ಯರನ್ನು ಕೇಳದೆ ಅಂಗಡಿಯಿಂದ ತರುವ ಕೆಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಅದು ತುರಿಕೆಯನ್ನೂ ಕೆಂಪನ್ನೂ ಬೇಗ ಅಡಗಿಸುತ್ತದೆ. ಆದರೆ ಚರ್ಮದ ರಕ್ಷಣಾಶಕ್ತಿಯನ್ನು ಕುಗ್ಗಿಸುವುದರಿಂದ ಶಿಲೀಂಧ್ರವು ನಿರಾತಂಕವಾಗಿ ಹರಡುತ್ತದೆ. ಕಿಕ್ಕಿರಿದ ಲೋಕಲ್ ರೈಲು, ಬೆವರು, ಒಣಗದ ಬಟ್ಟೆ, ಒಂದೇ ಕೋಣೆಯಲ್ಲಿ ಹಲವರ ವಾಸ, ಇವೆಲ್ಲ ನಮ್ಮ ನಗರದಲ್ಲಿ ಅದಕ್ಕೆ ಅನುಕೂಲವಾಗಿವೆ.

ಆದುದರಿಂದ ಬಾಲಕ ಬಾಲಕಿಯರೇ, ಟವಲನ್ನೂ ಬಾಚಣಿಗೆಯನ್ನೂ ಹಂಚಿಕೊಳ್ಳಬೇಡಿರಿ. ಒದ್ದೆ ಬಟ್ಟೆಯನ್ನು ಒಡನೆ ಬದಲಿಸಿರಿ. ಕಲೆ ಕಂಡರೆ ನಾಚದೆ ಹಿರಿಯರಿಗೆ ತಿಳಿಸಿ, ವೈದ್ಯರಲ್ಲಿಗೆ ಹೋಗಿರಿ. ತುರಿಕೆ ನಿಂತಿತೆಂದು ಮದ್ದನ್ನು ನಡುವೆ ಬಿಡಬೇಡಿರಿ. ಶಿಲೀಂಧ್ರದಲ್ಲಿ ನಾವು ಗುರಿಯಿಡಬಹುದಾದ ಸ್ಥಳಗಳು ಕೆಲವೇ ಇವೆ. ಅವನ್ನು ನಮ್ಮ ಅಜಾಗರೂಕತೆಯಿಂದ ಕಳೆದುಕೊಳ್ಳಬಾರದು.