ಬಚ್ಚಲುಮನೆಯ ಹಂಡೆಯೊಲೆಯೂ ಸೌದೆಯ ಮಿತವ್ಯಯವೂ

ಮಲೆನಾಡಿನ ಮನೆಗಳಲ್ಲಿ ಅಡುಗೆಯ ಸೌದೆಯ ಲೆಕ್ಕವನ್ನು ಹೆಂಗಸರು ಬಲ್ಲರು. ಬಚ್ಚಲುಮನೆಯ ಹಂಡೆಯೊಲೆಗೆ ಹೋಗುವ ಸೌದೆಯ ಲೆಕ್ಕವನ್ನಿಡುವವರು ವಿರಳ. ಬೆಳಗ್ಗೆ ತುರುಕಿದ ಕೊರಡು ಎಲ್ಲರ ಸ್ನಾನವಾದ ಮೇಲೂ ಉರಿಯುತ್ತಲೇ ಇರುವುದು. ಈ ಸೌದೆಯು ಬಹುಮಟ್ಟಿಗೆ ಸೊಪ್ಪಿನ ಬೆಟ್ಟದಿಂದ ಬರತಕ್ಕದ್ದು. ಬೆಟ್ಟವು ಬೋಳಾದರೆ ಅಡಕೆಯ ತೋಟಕ್ಕೆ ಸೊಪ್ಪಿಲ್ಲ. ಆದಕಾರಣ ಈ ವಿಷಯವನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಪರ್ಯಾಲೋಚಿಸಬೇಕು.

100 ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಲು 4,000 ಕಿಲೋಕ್ಯಾಲೊರಿ ಶಾಖವು ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಹೆಚ್ಚುಕಡಮೆ ಇಷ್ಟೇ ಶಾಖವಿದೆ. ಆದರೆ ತೆರೆದ ಒಲೆಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ನೀರಿಗೆ ಸೇರುವುದರಿಂದ 10 ಕಿಲೋ ಸೌದೆ ಬೇಕಾಗುತ್ತದೆ. ವರ್ಷಕ್ಕೆ ಮೂರೂವರೆ ಟನ್ನಿಗೂ ಮೇಲೆ! ಮೂರರಲ್ಲೊಂದು ಪಾಲು ಸೇರುವಂತೆ ಮಾಡಿದರೆ ದಿನಕ್ಕೆ 3 ಕಿಲೋ ಸಾಕು.

ಇದಕ್ಕೆ ಒಲೆಯನ್ನು ಹೊಸದಾಗಿ ಕಟ್ಟಿಸಬೇಕು. ಹಂಡೆಯ ತಳದಿಂದ ಸುಮಾರು ಒಂದು ಗೇಣು ಕೆಳಗೆ ಕಬ್ಬಿಣದ ಸರಳುಗಳ ಜಾಲರಿಯನ್ನೂ, ಅದರಡಿಯಲ್ಲಿ ಗಾಳಿಯಾಡಲು ಬೂದಿಗುಳಿಯನ್ನೂ ಇಡತಕ್ಕದ್ದು. ಒಲೆಯ ಬಾಯಿ ಚಿಕ್ಕದಾಗಿದ್ದು ಅದಕ್ಕೆ ಮುಚ್ಚಳವಿರಬೇಕು. ಮುಖ್ಯವಾದುದೇನೆಂದರೆ, ಹಂಡೆಗೂ ಗೋಡೆಗೂ ನಡುವೆ ಸುತ್ತಲೂ ಎರಡು ಬೆರಳಿನ ಸಂದನ್ನು ಬಿಟ್ಟು, ಅದರ ಮೇಲ್ಭಾಗದಲ್ಲಿ, ಒಲೆಯ ಬಾಯಿಗೆ ಎದುರಾಗಿ, ಹೊಗೆಕೊಳವೆಯನ್ನು ಸೇರಿಸುವುದು. ಆಗ ಬಿಸಿಹೊಗೆಯು ಹಂಡೆಯ ಪಕ್ಕಗಳನ್ನು ತಗಲಿಕೊಂಡೇ ಹೊರಡುವುದು. ಒಬ್ಬ ರೈತರು ಹೆಚ್ಚು ವೆಚ್ಚ ಮಾಡಿ ಕೊಳವೆಯನ್ನು ಹಾಕಿಸಿದ್ದರು; ಗಾರೆಯವನು ಸಂದನ್ನು ಬಿಡದೆ ಅದನ್ನು ಉರಿಯ ಮಟ್ಟಕ್ಕೇ ಜೋಡಿಸಿದ್ದನು. ಹೊಗೆಯೇನೋ ಮನೆಯಿಂದ ಹೋಯಿತು, ಶಾಖವೂ ಅದರೊಡನೆಯೇ ಹೋಯಿತು! ಸಂದಿನ ಮೇಲಂಚನ್ನು ಮಣ್ಣಿನಿಂದ ಬಿಗಿಮಾಡಿ, ಹಂಡೆಯ ನೀರು ಆ ಮಟ್ಟಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಡುಗೆಯೊಲೆಯಲ್ಲಿಯೂ ಜಾಲರಿ, ಮುಚ್ಚಿದ ಉರಿಗೂಡು, ಹೊಗೆಕೊಳವೆ ಇವೇ ಪ್ರಧಾನವಾಗಿವೆ.

ಹಸಿಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದರೊಳಗಿನ ಒಂದೊಂದು ಕಿಲೋ ನೀರು ಆವಿಯಾಗಲು 540 ಕಿಲೋಕ್ಯಾಲೊರಿಗೂ ಮೇಲೆ ಶಾಖವು ವ್ಯರ್ಥವಾಗುವುದು. ಆದುದರಿಂದ ಸೌದೆಯನ್ನು ಬೇಸಗೆಯಲ್ಲಿಯೇ ಸೀಳಿ, ಮಳೆಗೆ ಮುಂಚೆ ಕೊಟ್ಟಿಗೆಯಲ್ಲಿ ಒಟ್ಟಿಡತಕ್ಕದ್ದು. ಬೆರಣಿಯನ್ನು ಮಾತ್ರ ಸುಡಕೂಡದು. ಅದರ ಸಾರಜನಕವೆಲ್ಲ ಹೊಗೆಯಾಗಿ ಹೋಗುವುದು.

ಸಗಣಿ ಅನಿಲದಲ್ಲಿ ಈ ನಷ್ಟವಿಲ್ಲ, ಉಳಿದ ಬಗ್ಗಡವು ಒಳ್ಳೆಯ ಗೊಬ್ಬರ. ಆದರೆ 2 ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು; ಅದರ ಅನಿಲವು ಅಡುಗೆಗೇ ಸರಿಹೋಗುವುದು. ವಿದ್ಯುತ್ತಿನಿಂದ ಮೇಲೆ ಹೇಳಿದ ನೀರನ್ನು ಕಾಯಿಸಲು ದಿನಕ್ಕೆ 5 ಯೂನಿಟ್ಟುಗಳಷ್ಟು ತಗಲುವುದು. ಸೂರ್ಯಶಾಖದ ಯಂತ್ರವು ಬಯಲುಸೀಮೆಗೆ ಬಹು ಯೋಗ್ಯವಾದುದು. ಅಲ್ಲಿ ಗಡಸುನೀರಿನಿಂದ ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ಎಚ್ಚರವಿರಬೇಕು. ಮಲೆನಾಡಿನಲ್ಲಿ ಬಿಸಿನೀರು ಅತ್ಯವಶ್ಯವಾದ ಆಷಾಢ ಶ್ರಾವಣಗಳಲ್ಲಿಯೇ ಸೂರ್ಯದರ್ಶನವಿಲ್ಲ. ಅನುಕೂಲವಂತರು ಅದನ್ನು ಹಾಕಿಸಿಕೊಂಡರೂ ಹಂಡೆಯೊಲೆಯನ್ನು ಕಿತ್ತುಹಾಕಬಾರದು.

ಒಲೆಯನ್ನು ಬದಲಿಸುವುದಕ್ಕೆ ಮುಂಚೆ ಒಂದು ವಾರದ ಸೌದೆಯನ್ನು ತೂಗಿ ಬರೆದಿಟ್ಟು, ಬದಲಿಸಿದ ಮೇಲೆ ಮತ್ತೊಂದು ವಾರ ತೂಗಿ ನೋಡುವುದು. ಹೊಸ ಒಲೆಯು ಪೂರ್ಣವಾಗಿ ಒಣಗುವವರೆಗೆ ಸಣ್ಣ ಉರಿಯನ್ನೇ ಹಾಕಬೇಕು; ತಿಂಗಳಿಗೊಮ್ಮೆ ಕೊಳವೆಯ ಮಸಿಯನ್ನು ತೆಗೆಯಿಸಬೇಕು.