ಅಪ್ಪನ ಕಾಂಟೆಸ್ಸಾ ಡ್ರಿಫ್ಟಿಂಗ್‌ಗೆ ಆದೀತೆ?

ನ್ಯಾಮತಿಯ ಓದುಗರೇ,

ಅಪ್ಪ ಅಡಿಕೆ ದುಡ್ಡಿನಲ್ಲಿ ಕೊಂಡ ಕಾಂಟೆಸ್ಸಾ ಕ್ಲಾಸಿಕ್ ಅನ್ನು ಡ್ರಿಫ್ಟಿಂಗ್ ಸ್ಪರ್ಧೆಗೆ ಇಳಿಸಬಹುದೇ ಎಂದು ಕೇಳಿದ್ದೀರಿ. ಹಿಂದಿನ ಚಕ್ರಗಳು ತಳ್ಳುವ ಕಾರು, ಆ ಮಟ್ಟಿಗೆ ನೀವು ಅದೃಷ್ಟವಂತರು. ಆದರೆ ಅದು ದೂರದ ಪ್ರಯಾಣಕ್ಕೆ ಹುಟ್ಟಿದ ಗಾಡಿ. ಮೂಲ ಬ್ರಿಟನ್ನಿನ ವಾಕ್ಸಾಲ್, ಮುಂದಿನ, ಹಿಂದಿನ ಚಕ್ರಗಳ ನಡುವೆ 105 ಇಂಚು, ಸ್ಪ್ರಿಂಗು ಮೆತ್ತಗೆ. 1.8 ಲೀಟರಿನ ಇಸುಜು ಎಂಜಿನ್‌ಗೆ ಒಣ ಡಾಂಬರಿನ ಮೇಲೆ ಟೈರು ಜಾರಿಸುತ್ತಲೇ ಇರುವಷ್ಟು ಕಸುವಿಲ್ಲ. ತಿರುವಿನಲ್ಲಿ ಒಳಬದಿಯ ಚಕ್ರ ಸುಮ್ಮನೆ ಸುತ್ತಿ ಇದ್ದ ಶಕ್ತಿಯೂ ಪೋಲಾಗುತ್ತದೆ. ಹಾಗಾಗಿ ಡಿಫರೆನ್ಷಿಯಲ್ ಲಾಕ್ ಬೇಕು. ಆಮೇಲೆ ಹೆಚ್ಚು ತಿರುಗುವ ಸ್ಟೇರಿಂಗ್, ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್, ರೋಲ್ ಕೇಜ್, ದೊಡ್ಡ ಎಂಜಿನ್... ಇಷ್ಟಾದ ಮೇಲೆ ಅಪ್ಪನದೆಂದು ಉಳಿಯುವುದು ನಂಬರ್ ಪ್ಲೇಟು ಮಾತ್ರ! ಎಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿಯ ತಲೆನೋವು ಬೇರೆ.

ಕಾಂಟೆಸ್ಸಾ ತಯಾರಿಕೆ 2002ರಲ್ಲೇ ನಿಂತಿದೆ. ಬಂಪರ್ ಒಡೆದರೆ ಗುಜರಿ ಅಂಗಡಿಗಳೇ ಗತಿ. ಹಾಗಾಗಿ ಕಾರನ್ನು ಚೆನ್ನಾಗಿ ಇಟ್ಟುಕೊಳ್ಳಿ, ಅಪ್ಪನನ್ನು ಕೂರಿಸಿಕೊಂಡು ಚನ್ನಗಿರಿಯ ಕಡೆ ಹೋಗಿಬನ್ನಿ. ಜಾರಿಸುವುದನ್ನೇ ಕಲಿಯಬೇಕೆಂದಿದ್ದರೆ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ಪರವಾನಗಿ ಪಡೆದು, ಬೇರೆ ಅಗ್ಗದ ಕಾರಿನಲ್ಲಿ ಮಣ್ಣಿನ ಆಟೋಕ್ರಾಸ್‌ನಿಂದ ಶುರುಮಾಡಿ.

ಜಗಳೂರು ರಸ್ತೆಯಲ್ಲಿ ಅಭ್ಯಾಸ ಮಾಡುವೆ ಎಂದಿದ್ದೀರಲ್ಲ, ಅದಂತೂ ಬೇಡವೇ ಬೇಡ. ಸುಗ್ಗಿಯಲ್ಲಿ ಅಲ್ಲಿ ಮೆಕ್ಕೆಜೋಳ ಒಣಹಾಕಿರುತ್ತಾರೆ, ಪಕ್ಕದಲ್ಲೇ ಕಾಯುವವರು ಕೂತಿರುತ್ತಾರೆ.